ಸಿಂಹಾಸನದ ಅಧ್ಯಾಯಕ್ಕೆ ಎದ್ದು ನಿಲ್ಲುವ ಮನೆ

ಬೈಬಲ್ಲಿನ ಕೊನೆಯ ಪುಸ್ತಕವಾದ ಪ್ರಕಟನೆಯನ್ನು ನಮ್ಮ ಮನೆಯಲ್ಲಿ ವರ್ಷಕ್ಕೊಂದೇ ಸಲ, ಅದೂ ಡಿಸೆಂಬರ್ ತಿಂಗಳಲ್ಲಿ ಓದುತ್ತಿದ್ದರು. ಓಣಿಯ ಉಳಿದ ಮನೆಗಳಲ್ಲಿ ಆ ತಿಂಗಳು ಗೋದಲಿ, ಕುರುಬರು, ನಕ್ಷತ್ರದ ಕಥೆ ನಡೆಯುತ್ತಿದ್ದರೆ ನಮ್ಮಲ್ಲಿ ಏಳು ತಲೆಯ ಮೃಗ, ಏಳು ತುತ್ತೂರಿ, ರಕ್ತದ ಬಣ್ಣಕ್ಕೆ ತಿರುಗುವ ಚಂದ್ರ. ಮೊದಲ ಸಲ ಕೂಸಾಗಿ ಬಂದವನು ಎರಡನೆಯ ಸಲ ನ್ಯಾಯ ತೀರಿಸಲು ಬರುತ್ತಾನೆ, ಹಬ್ಬದ ಕರಚಿಕಾಯಿ ತಿನ್ನುವವರಿಗೆ ಅದು ನೆನಪಿರಲಿ ಎಂಬುದು ಅಪ್ಪನ ವಾದ. ಅಪ್ಪ ಹುಮನಾಬಾದಿನ ಒಂದು ಹೈಸ್ಕೂಲಿನಲ್ಲಿ ಮಾಸ್ತರರಾಗಿದ್ದರು. ಚರ್ಚಿನ ಹಿಂದಿನ ಓಣಿಯಲ್ಲಿ ಎರಡು ಖೋಲಿಯ ಮನೆ ನಮ್ಮದು. ನೆಲಕ್ಕೆ ಫರಸಿ ಕಲ್ಲು, ಮೇಲೆ ತಗಡು. ರಾತ್ರಿಯ ರೊಟ್ಟಿ ಬಡಿಯುವ ಮೊದಲೇ, ದೀಪ ಹಚ್ಚುವ ಹೊತ್ತಿಗೆ ಪ್ರಾರ್ಥನೆ ಮುಗಿಯಬೇಕು. ಒಲೆಯ ಮೇಲೆ ಪುಂಡಿಪಲ್ಯ ಕುದಿಯುತ್ತಿರುವಾಗ, ಅದರ ಹುಳಿ ವಾಸನೆಗೆ ನನ್ನ ಮತ್ತು ತಮ್ಮನ ಬಾಯಲ್ಲಿ ನೀರೂರುತ್ತಿರುವಾಗ, ಅಪ್ಪ ದಿನಕ್ಕೊಂದು ಅಧ್ಯಾಯದಂತೆ ಲೋಕವನ್ನು ಮುಗಿಸುತ್ತಾ ಹೋಗುತ್ತಿದ್ದರು.

ಈ ಓದಿಗೆ ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ದೇವರ ಸಿಂಹಾಸನದ ವರ್ಣನೆ ಬರುವ ಅಧ್ಯಾಯವಾದರೆ ಎಲ್ಲರೂ ಚಾಪೆ ಬಿಟ್ಟು ಎದ್ದು ನಿಲ್ಲಬೇಕು. ಹೆಂಗಸರು ತಲೆಯ ಮೇಲೆ ಸೆರಗು ಹೊದ್ದು, ಗಂಡಸರು ಕೈಕಟ್ಟಿ, ಕಣ್ಣು ನೆಲದ ಕಡೆ. ಅದು ಅಸಲಿಗೆ ಬಸವಕಲ್ಯಾಣದಿಂದ, ಅವ್ವನ ತವರುಮನೆಯಿಂದ ಬಂದ ಪದ್ಧತಿ. ಅಲ್ಲಿ ನನ್ನ ತಾಯಿಯ ಅಪ್ಪ ಚರ್ಚಿನ ಗಂಟೆ ಹೊಡೆಯುವ ಕೆಲಸದಲ್ಲಿದ್ದರು. ಅವರು ಆ ಅಧ್ಯಾಯ ಓದುವಾಗ ಜ್ವರ ಬಂದು ಮಲಗಿದವರನ್ನೂ ಎಬ್ಬಿಸಿ ನಿಲ್ಲಿಸುತ್ತಿದ್ದರಂತೆ. ಅಪ್ಪನಿಗೆ ಮದುವೆಯಲ್ಲಿ ಒಂದು ಕೈಗಡಿಯಾರದ ಜೊತೆಗೆ ಈ ಪದ್ಧತಿಯೂ ಸಿಕ್ಕಿತ್ತು. ಗಡಿಯಾರ ಕೆಟ್ಟು ಎಷ್ಟೋ ವರ್ಷವಾಗಿತ್ತು, ಪದ್ಧತಿಯನ್ನು ಮಾತ್ರ ಅಪ್ಪ ಮಾವನಿಗಿಂತ ಒಂದು ಕೈ ಹೆಚ್ಚೇ ಪಾಲಿಸುತ್ತಿದ್ದರು.

ನನಗೆ ಆ ನಿಲ್ಲುವಿಕೆ ಇಷ್ಟವಾಗುತ್ತಿತ್ತು. ಇಷ್ಟ ಎನ್ನುವುದಕ್ಕಿಂತ, ಅಂಜಿಕೆಯಾಗುತ್ತಿತ್ತು, ಆ ಅಂಜಿಕೆ ಬೇಕೆನಿಸುತ್ತಿತ್ತು. ಸಿಂಹಾಸನದ ಸುತ್ತ ಪಚ್ಚೆಯ ಬಣ್ಣದ ಕಾಮನಬಿಲ್ಲು, ಮುಂದೆ ಗಾಜಿನಂಥ ಸಮುದ್ರ, ಮೈತುಂಬ ಕಣ್ಣುಗಳಿರುವ ನಾಲ್ಕು ಜೀವಿಗಳು. ಸಮುದ್ರವನ್ನು ನಾನು ಕಂಡಿರಲಿಲ್ಲ. ಬಸವಕಲ್ಯಾಣದ ಕೆರೆಯನ್ನು ಕಂಡಿದ್ದೆ. ಗಾಳಿಯಿಲ್ಲದ ಮುಂಜಾನೆ ಅದು ಗಾಜಿನಂತೆಯೇ ಇರುತ್ತಿತ್ತು. ಅದರ ದಂಡೆಯ ಮೇಲೆ ದೇವರನ್ನು ಕೂರಿಸಿಬಿಟ್ಟರೆ ನನ್ನ ಕೆಲಸ ಮುಗಿಯುತ್ತಿತ್ತು. ಬೆಂಕಿ ಗಂಧಕಗಳ ಕೆರೆಗೆ ಮಾತ್ರ ಹೆಚ್ಚು ಊಹೆ ಬೇಕಿರಲಿಲ್ಲ. ಅಪ್ಪನ ತಮ್ಮ, ನಮ್ಮ ಕಾಕಾ, ಹಳ್ಳಿಖೇಡದ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಗಂಧಕ ಸುಡುವ ಜಾಗದಲ್ಲೇ ಕೆಲಸಕ್ಕಿದ್ದ. ಕಬ್ಬಿನ ರಸ ಬೆಳ್ಳಗಾಗಲು ಅದರ ಹೊಗೆ ಬೇಕಂತೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಅವನು ಮನೆಗೆ ಬಂದರೆ ಅಂಗಿಯಿಂದ ಮೂಗು ಸುಡುವ ವಾಸನೆ ಬರುತ್ತಿತ್ತು. ನರಕ ಹೇಗಿರುತ್ತದೆ ಎಂದು ನಾನೊಮ್ಮೆ ಅವನನ್ನೇ ಕೇಳಿದೆ. ಪಾಳಿ ಮುಗಿದ ಮ್ಯಾಲ ಮನಿಗಿ ಬಿಟ್ಟರ ಅಡ್ಡಿಯಿಲ್ಲ, ಜರಾ ಕೆಮ್ಮು ಬರತದ ಎಂದು ಅವನು ಹೇಳಿದ್ದಕ್ಕೆ ಅಪ್ಪ ಎರಡು ದಿನ ಅವನೊಡನೆ ಸರಿಯಾಗಿ ಮಾತಾಡಲಿಲ್ಲ.

ಲೋಕ ಇನ್ನೇನು ಮುಳುಗುತ್ತದೆ ಎಂಬ ಸುದ್ದಿ ಎಲ್ಲೆಲ್ಲೂ ಹಬ್ಬಿದ್ದ ವರ್ಷ ಅದು. ಎರಡು ಸಾವಿರನೆಯ ಇಸವಿ ಹತ್ತಿರ ಬರುತ್ತಿತ್ತು. ಬಸ್ ಸ್ಟ್ಯಾಂಡಿನ ಚಹಾ ಅಂಗಡಿಯವನಿಂದ ಹಿಡಿದು ನಮ್ಮ ಚರ್ಚಿನ ಹಿರಿಯರ ತನಕ ಎಲ್ಲರೂ ಅದನ್ನೇ ಆಡುತ್ತಿದ್ದರು. ಆ ವರ್ಷದ ಮಳೆಗಾಲದಲ್ಲಿ ಆಯಿಯ ಮನೆಯ ಗೋಡೆ ಬಿತ್ತು. ಆಯಿ ಎಂದರೆ ಅಪ್ಪನ ತಾಯಿ. ಚರ್ಚಿನ ದಫ್ತರದಲ್ಲಿ ಅವಳ ಹೆಸರು ಮಾರ್ಥಮ್ಮ, ಊರಲ್ಲಿ ಲಚಮವ್ವ. ಬೇಮಳಖೇಡದಲ್ಲಿ ಬಸ್ಸಿಳಿದು ಇನ್ನೂ ನಡೆದು ಹೋಗಬೇಕಾದ ಒಂದು ಸಣ್ಣ ಹಳ್ಳಿಯ ಹೊರಗಿನ ಕೇರಿಯಲ್ಲಿ ಅವಳು ಅಲ್ಲಿಯವರೆಗೆ ಒಬ್ಬಳೇ ಇದ್ದಳು. ಗೋಡೆ ಬಿದ್ದ ಮೇಲೆ ಅಪ್ಪ ಹೋಗಿ ಕರೆತಂದರು. ಬಂದವಳು ಒಂದು ಗಂಟು, ಒಂದು ಕೌದಿ, ಒಂದು ಬೀಸುವ ಕಲ್ಲು ತಂದಳು. ನಾನು ಆ ಕೌದಿಯೊಳಗೆ ಅವಳ ಪಕ್ಕ ಮಲಗತೊಡಗಿದೆ. ತಂಬಾಕಿನ ವಾಸನೆ, ಎಣ್ಣೆಯ ವಾಸನೆ, ಬೆಚ್ಚಗಿನ ಬೆನ್ನು. ನನ್ನ ಬಾಲ್ಯದಲ್ಲಿ ಅದಕ್ಕಿಂತ ಸುಖದ ಜಾಗ ಇರಲಿಲ್ಲ.

ಡಿಸೆಂಬರ್ ಬಂತು. ಮೊದಲ ಕೆಲವು ಸಂಜೆ ಆಯಿ ಮೂಲೆಯಲ್ಲಿ ಗೋಡೆಗೊರಗಿ ಕೂತು, ಅಪ್ಪ ಓದಿದ್ದಕ್ಕೆ ಆಗಾಗ ಹೂಂಗುಟ್ಟುತ್ತಾ ಅರ್ಧ ತೂಕಡಿಸುತ್ತಾ ಕೇಳಿದಳು. ಬೈಬಲ್ಲಿನ ಆ ಕನ್ನಡ ಅವಳದಲ್ಲ. ಅವಳ ಹಳ್ಳಿಗೆ ಯಾವಾಗಲೋ ಒಮ್ಮೆ ಬರುತ್ತಿದ್ದ ಉಪದೇಶಿ ತಪ್ಪಿಸಿಕೊಂಡ ಕುರಿಯ ಕಥೆ, ಐದು ರೊಟ್ಟಿಯ ಕಥೆ ಹೇಳಿ ಚಹಾ ಕುಡಿದು ಹೋಗುತ್ತಿದ್ದನಂತೆ. ಅವಳ ಕ್ರಿಸ್ತೀಯತನ ಅಷ್ಟರಲ್ಲೇ ಸುಖವಾಗಿತ್ತು. ಸಿಂಹಾಸನದ ಅಧ್ಯಾಯದ ದಿನ ನಾವೆಲ್ಲ ಎದ್ದು ನಿಂತೆವು. ಅವ್ವ ಸೆರಗು ಹೊದ್ದಳು. ಆಯಿ ಕೂತೇ ಇದ್ದಳು. ಅಪ್ಪ ಓದದೆ ಕಾದರು.

“ಯವ್ವಾ, ಏಳು. ದೇವರ ಸಿಂಹಾಸನದ ಮಾತು ಅದ ಇದು.”

“ನೀ ಓದು. ಕೇಳಾಕತ್ತೇನಿ ನಾ.”

“ಎದ್ದು ನಿಂದ್ರಬೇಕು. ನಮ್ಮ ಮನ್ಯಾಗ ಹಂಗ ಪದ್ಧತಿ ಅದ.”

“ನಮ್ಮ ಮನ್ಯಾಗ ಎಲ್ಲಿಂದು? ಇದು ಬೀಗರ ಪದ್ಧತಿ. ನಿಮ್ಮಪ್ಪನ ಮನ್ಯಾಗ ಇರಲಿಲ್ಲ.”

ಅವ್ವನ ಮುಖ ಕೆಂಪಾಯಿತು. ತವರಿನ ಮಾತು ಬಂದರೆ ಅವ್ವ ಸುಮ್ಮನಿರುವವಳಲ್ಲ.

“ಅತ್ತಿ, ದೇವರಿಗಿ ಮರ್ಯಾದಿ ಕೊಡೋದು ಬೀಗರ ಪದ್ಧತಿ ಏನ್ರಿ? ಮೊಣಕಾಲು ನೋಯ್ತಾವ ಅಂದ್ರ ಅನ್ರಿ, ಬಿಡ್ತೀವಿ.”

“ಮೊಣಕಾಲು ಘಟ್ಟಿ ಅವ. ನಾ ನಿಂದ್ರಂಗಿಲ್ಲ. ನನಗ ಯಾರ ಮುಂದೂ ನಿಂದ್ರೋದು ಸಾಕಾಗ್ಯದ. ಅವ ದೇವರ ಇದ್ರ ಕುಂದ್ರು ಮುದುಕಿ ಅಂತಾನ.”

ಅಪ್ಪನಿಗೆ ಸಿಟ್ಟು ಬಂದರೆ ಧ್ವನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ದೇವರ ಭಯ ಇಲ್ಲದ ಮನೆಯಲ್ಲಿ ತಾನು ಪುಸ್ತಕ ತೆರೆಯುವುದಿಲ್ಲ ಎಂದು ಮೆಲ್ಲಗೆ ಹೇಳಿ ಬೈಬಲ್ ಮುಚ್ಚಿ ಹೊರಗೆ ಹೋದರು. ಆ ರಾತ್ರಿ ಪುಂಡಿಪಲ್ಯ ಯಾರಿಗೂ ರುಚಿಸಲಿಲ್ಲ. ತಮ್ಮ ಒಬ್ಬ ಎಂದಿನಂತೆ ಉಂಡ. ಮರುದಿನದಿಂದ ಓದು ಮತ್ತೆ ಶುರುವಾಯಿತು, ಆದರೆ ಆಯಿಯನ್ನು ಯಾರೂ ಕರೆಯಲಿಲ್ಲ. ಅವಳು ಅಡುಗೆಮನೆಯ ಹೊಸ್ತಿಲಾಚೆ ಒಲೆಯ ಮುಂದೆ ಕೂತಿರುತ್ತಿದ್ದಳು. ತಾಯಿ ಮಗನ ನಡುವೆ ಮಾತು ನಿಂತಿತು. ಬೇಕಾದ್ದನ್ನೆಲ್ಲ ನನ್ನ ಮೂಲಕ ಹೇಳಿ ಕಳಿಸುತ್ತಿದ್ದರು, ಒಂದೇ ಖೋಲಿಯಲ್ಲಿ ಇದ್ದಾಗಲೂ. ಹೀಗೇ ಹತ್ತು ದಿನ ಕಳೆದ ಮೇಲೆ ಆಯಿ ಗಂಟು ಕಟ್ಟಿದಳು. ಬಿದ್ದ ಗೋಡೆಗೆ ತಟ್ಟಿ ಕಟ್ಟಿಸಿಕೊಂಡು ಊರಲ್ಲೇ ಇರುತ್ತೇನೆ, ಮುಂದಿನ ಐತವಾರ ಕಾಕಾ ಬರುತ್ತಾನೆ, ಸೋಮವಾರ ಅವನ ಸಂಗಡ ಬೇಮಳಖೇಡದ ಬಸ್ಸಿಗೆ ಹೋಗುತ್ತೇನೆ ಎಂದು ಅವ್ವನಿಗೆ ಹೇಳಿದಳು. ಅಪ್ಪ ಕೇಳಿಸಿಕೊಂಡರು, ಬೇಡ ಎನ್ನಲಿಲ್ಲ.

ನನಗೆ ಎರಡು ಕಡೆಯಿಂದ ಅಂಜಿಕೆ ಹತ್ತಿತು. ಆಯಿ ಹೋದರೆ ಆ ಕೌದಿ ಹೋಗುತ್ತದೆ, ಆ ಬೆನ್ನು ಹೋಗುತ್ತದೆ. ಅದು ಒಂದು. ಇನ್ನೊಂದು ಅದಕ್ಕಿಂತ ದೊಡ್ಡದು. ಸಿಂಹಾಸನಕ್ಕೆ ಎದ್ದು ನಿಲ್ಲದವಳನ್ನು ಆ ಮೈತುಂಬ ಕಣ್ಣಿನ ಜೀವಿಗಳು ನೋಡಿರಲಾರವೇ? ಕಬ್ಬು ಹೊತ್ತ ಟ್ರ್ಯಾಕ್ಟರು ಹೆದ್ದಾರಿಯಲ್ಲಿ ಹಾರ್ನ್ ಹೊಡೆದರೆ ನಾನು ಬೆಚ್ಚಿ ಏಳುತ್ತಿದ್ದೆ, ತುತ್ತೂರಿ ಊದಿದರೇನೋ ಎಂದು. ಎದ್ದವಳೇ ಪಕ್ಕದಲ್ಲಿ ಆಯಿ ಇದ್ದಾಳೋ ಎಂದು ಕೈಯಿಂದ ತಡವುತ್ತಿದ್ದೆ. ಈಗ ದೊಡ್ಡವಳಾಗಿ ಯೋಚಿಸಿದರೆ, ನನಗೆ ದೇವರ ಮೇಲಿದ್ದದ್ದು ಭಕ್ತಿಯಾಗಿರಲಿಲ್ಲ. ನಮ್ಮವರನ್ನು ಕಸಿದುಕೊಳ್ಳುವ ಅಧಿಕಾರ ಇರುವವನ ಮುಂದೆ ಕೈಕಟ್ಟಿ ನಿಲ್ಲುವ ಬುದ್ಧಿ ಅದು. ಅದನ್ನು ಹೊರಗೆ ತೆಗೆದು ನೋಡಲು ನನಗೆ ಬಹಳ ವರ್ಷ ಬೇಕಾಯಿತು.

ಒಂದು ಮಧ್ಯಾಹ್ನ ಅಂಗಳದಲ್ಲಿ ಆಯಿಯೂ ನಾನೂ ಹಸಿ ತೊಗರಿಕಾಯಿ ಸುಲಿಯುತ್ತಿದ್ದೆವು. ಕುದಿಸಲಿಕ್ಕೆ ಕೆಲವು, ಬಾಯಿಗೆ ಕೆಲವು. ಯಾಕ ನಿಂದ್ರಂಗಿಲ್ಲ ಆಯಿ, ನಿನ್ನನ್ನ ಬೆಂಕ್ಯಾಗ ಹಾಕ್ತಾರ ಎಂದು ನಾನು ಅತ್ತುಬಿಟ್ಟೆ. ಅವಳು ನಕ್ಕಳು. ಮೂಗು ಒರೆಸು ಮೊದಲ ಎಂದಳು. ಆಮೇಲೆ ಕಾಯಿ ಸುಲಿಯುತ್ತಲೇ, ಸಂತೆಯ ಸುದ್ದಿ ಹೇಳುವ ಹಾಗೆ ಹೇಳಿದಳು.

“ನಿಮ್ಮ ಮುತ್ಯಾ, ನನ್ನ ಗಂಡ, ಊರ ಪಾಟೀಲನ ಮನ್ಯಾಗ ದುಡಿತಿದ್ದ. ಹೊಟ್ಟಿ ಬ್ಯಾನಿ ಎದ್ದಿತ್ತು ಅವನಿಗಿ. ಹುಮನಾಬಾದ್ ದವಾಖಾನಿಗಿ ಒಯ್ಯಾಕ ಗಾಡಿ ಬೇಕಿತ್ತು. ನಸುಕಿನ್ಯಾಗ ಹೋಗಿ ಪಾಟೀಲನ ಬಾಗಿಲ ಮುಂದ ನಿಂತೆ. ಅವ ಜಳಕ ಮಾಡಿದ, ಪೂಜಿ ಮಾಡಿದ, ಉಂಡ. ನಡುವ ಒಂದು ಸಲ ಹೊರಗ ಬಂದು ನೋಡಿದ. ನಿಂದ್ರು ಅಂದ. ಆಮ್ಯಾಲ ಮಲಗಿದ. ಎದ್ದ ಮ್ಯಾಲ ಗಾಡಿ ಕೊಟ್ಟ.”

“ಕೊಟ್ಟನಲ್ಲ, ಆಯಿ.”

“ಕೊಟ್ಟ. ಹೊತ್ತು ಇಳಿಯಾಕತ್ತಿತ್ತು. ದಾರ್ಯಾಗ ನಿಮ್ಮ ಮುತ್ಯಾ ಹೋದ. ನಿಮ್ಮಪ್ಪ ಇನ್ನಾ ಸಣ್ಣಾವ, ನಿಮ್ಮ ಕಾಕಾ ಮೊಲಿ ಕುಡಿತಿದ್ದ. ಆವತ್ತೇ ಅಂದೆ, ಇನ್ನ ಯಾರ ಮುಂದೂ ನಿಂದ್ರಂಗಿಲ್ಲ ಅಂತ.”

ಅಪ್ಪನಿಗೆ ಇದು ಗೊತ್ತೇನು ಎಂದು ಕೇಳಿದೆ. ಬ್ಯಾನಿ ಬಂದು ತೀರಿದ ಅಂತ ಗೊತ್ತದ, ಅಷ್ಟು ಸಾಕು ಅವನಿಗಿ, ಓದೋ ಹುಡುಗನ ತಲ್ಯಾಗ ಅದೆಲ್ಲಾ ಯಾಕ ಎಂದಳು. ಆ ಓದುವ ಹುಡುಗನಿಗೆ ಆಗಲೇ ಕಿವಿಯ ಪಕ್ಕ ಕೂದಲು ಬೆಳ್ಳಗಾಗಿತ್ತು. ನಾನು ಆ ದಿನವೇ ಅವ್ವನಿಗೆ ಹೇಳಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿಬಿಟ್ಟಳು. ರೊಟ್ಟಿ ಹಂಚಿನ ಮೇಲೆ ಕರಕಾಯಿತು. ಅವಳು ಅಪ್ಪನಿಗೆ ಹೇಳಿದ್ದಾಳೆ ಎಂದು ಮರುದಿನ ಅಪ್ಪನ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆದರೂ ಅಪ್ಪ ತಾಯಿಯ ಹತ್ತಿರ ಹೋಗಲಿಲ್ಲ. ಹೇಗೆ ಮಾತು ತೆಗೆಯಬೇಕೆಂದು ಅವರಿಗೆ ತಿಳಿಯಲಿಲ್ಲವೆಂದು ಈಗ ಅನಿಸುತ್ತದೆ.

ಐತವಾರ ಬಂತು. ಚರ್ಚು ಮುಗಿಸಿ ಉಂಡು, ಅಪ್ಪ ಅಂಗಳಕ್ಕೆ ಕುರ್ಚಿ ಹಾಕಿಕೊಂಡು ಪೇಪರ್ ನೋಡುತ್ತಿದ್ದರು. ಆಯಿ ಬಾಗಿಲ ಪಕ್ಕದ ಹೊರಸಿನ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಓಣಿಯಲ್ಲಿ ಜೀಪು ನಿಂತಿತು. ಬಿಳಿ ಧೋತರ, ಬಿಳಿ ರುಮಾಲಿನ ಮುದುಕರೊಬ್ಬರು ಇಳಿದು ಮೆಲ್ಲಗೆ ನಡೆದು ಬಂದರು. ಅಪ್ಪ ಕುರ್ಚಿಯಿಂದ ಎದ್ದ ರೀತಿ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದೆ. ಪೇಪರು ಕೆಳಗೆ ಬಿತ್ತು. ಕೈ ತಾನಾಗಿ ಎದೆಯ ಮೇಲೆ ಬಂದು ಕಟ್ಟಿಕೊಂಡಿತು, ಕಣ್ಣು ನೆಲಕ್ಕಿಳಿಯಿತು. ಒಳಗಿಂದ ಬಂದ ಅವ್ವ ತಲೆಯ ಮೇಲೆ ಸೆರಗು ಹೊದ್ದಳು. ನಾನೂ ತಮ್ಮನೂ ಗೋಡೆಗೆ ಅಂಟಿ ನಿಂತೆವು. ಪಾಟೀಲರು ಅವರೇ ಎಂದು ಯಾರೂ ಹೇಳಬೇಕಾಗಲಿಲ್ಲ. ನಾವು ನಿಂತದ್ದು ಸಿಂಹಾಸನದ ಅಧ್ಯಾಯಕ್ಕೆ ನಿಲ್ಲುವ ಹಾಗೆಯೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ. ಆಯಿ ಮೊರ ಕೆಳಗಿಡಲಿಲ್ಲ.

“ಬಾ ಪಾಟೀಲಾ, ಕುಂದ್ರು. ಶಾಮೂ, ನೀ ಯಾಕ ನಿಂತಿ? ಇದು ನಿನ್ನ ಮನಿ. ಇನ್ನೊಂದು ಕುರ್ಚಿ ತಂದು ಕುಂದ್ರು.”

ಅಪ್ಪನನ್ನು ಶಾಮೂ ಎನ್ನುವವಳು ಆಯಿ ಒಬ್ಬಳೇ. ನಮ್ಮಲ್ಲಿ ಇನ್ನೊಂದು ಕುರ್ಚಿ ಇತ್ತು, ಒಳಗೇ ಇತ್ತು. ಅಪ್ಪ ಇರಲಿ ಇರಲಿ ಎಂದರು. ಪಾಟೀಲರು ಅಪ್ಪನ ಕುರ್ಚಿಯಲ್ಲಿ ಕೂತರು. ಕೆಟ್ಟವರ ಹಾಗೆ ಕಾಣಲಿಲ್ಲ. ಮೆತ್ತಗಿನ ಧ್ವನಿ. ಅವರ ಮೊಮ್ಮಗ ಅಪ್ಪನ ಶಾಲೆಯಲ್ಲಿ ಹತ್ತನೆಯ ಇಯತ್ತೆ; ಹುಮನಾಬಾದಿನಲ್ಲಿ ಖೋಲಿ ಮಾಡಿ ಇಟ್ಟಿದ್ದರು, ಹುಡುಗ ಶಾಲೆಗೆ ಹೋಗುವ ಬದಲು ಟಾಕೀಜಿಗೆ ಹೋಗುತ್ತಿದ್ದ. ಹೆಡ್‌ಮಾಸ್ತರರು ಪರೀಕ್ಷೆಗೆ ಕೂರಿಸುವುದಿಲ್ಲ ಎಂದಿದ್ದರಂತೆ. ಜರಾ ಹೇಳಿ ನೋಡು ಎಂದು ಕೇಳಲು ಬಂದಿದ್ದರು. ಅವ್ವ ಚಹಾ ತಂದರೆ ಉಪವಾಸ ಎಂದರು. ಅಪ್ಪ ನಿಂತುಕೊಂಡೇ, ಹುಡುಗ ದಿನಾ ಬಂದರೆ ತಾನು ಹೆಡ್‌ಮಾಸ್ತರರ ಹತ್ತಿರ ಮಾತಾಡುತ್ತೇನೆ, ಬರದಿದ್ದರೆ ಆಗುವುದಿಲ್ಲ ಎಂದರು. ಅದು ಸರಿಯಾದ ಮಾತೇ. ಆದರೆ ಪ್ರತಿ ಮಾತಿನ ಕೊನೆಗೆ ‘ರಿ’, ‘ಧಣೇರ’ ಸೇರುತ್ತಿತ್ತು. ಎದ್ದು ಹೋಗುವ ಮುಂಚೆ ಪಾಟೀಲರು ಆಯಿಯ ಕಡೆ ತಿರುಗಿದರು.

“ಆರಾಮ ಇದ್ದೀ ಏನು ಲಚಮವ್ವ? ನಿನ್ನ ಗಂಡ ಛಲೋ ದುಡಿತಿದ್ದ ನೋಡು. ಏನಾಗಿ ತೀರಿದ ಅವ? ಹಾವು ಕಡದಿತ್ತಲ್ಲಾ?”

ಆಯಿ ಮೊರದಿಂದ ಕಣ್ಣೆತ್ತಿದಳು.

“ಹೊಟ್ಟಿ ಬ್ಯಾನಿ. ನಿಮ್ಮ ಗಾಡ್ಯಾಗ.”

“ಹೌದೇನು? ನನಗ ನೆನಪಿಲ್ಲ ಬಿಡು. ಭಾಳ ಜಮಾನಾ ಆಯ್ತು.”

ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿ ಅವರಿಗೆ ನೆನಪಿರಲಿಲ್ಲ. ಜೀಪು ಹೋದ ಮೇಲೆ ಆಯಿ ಜೋಳದಲ್ಲಿ ಒಂದು ಕಲ್ಲು ಹುಡುಕುತ್ತಾ ಬಹಳ ಹೊತ್ತು ಕೂತಿದ್ದಳು. ಅಪ್ಪ ನಳದ ಹತ್ತಿರ ಹೋಗಿ ಮುಖದ ಮೇಲೆ ನೀರು ಹಾಕಿಕೊಂಡರು. ಮತ್ತೆ ಹಾಕಿಕೊಂಡರು. ಅವ್ವ ಟವೆಲ್ ಹಿಡಿದು ನಿಂತಳು, ಅಪ್ಪ ತೆಗೆದುಕೊಳ್ಳಲಿಲ್ಲ. ನನಗೆ ಆ ದಿನ ಅಪ್ಪನನ್ನು ನೋಡಲು ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಸಂಕಟವಾಯಿತು. ಹೊತ್ತು ಇಳಿಯುವಾಗ ಕಾಕಾ ಬಂದ. ಆಯಿಯ ಗಂಟು ಬಾಗಿಲ ಬಳಿ ಬಂದು ಕೂತಿತು.

ದೀಪ ಹಚ್ಚಿದರು. ಆ ಸಂಜೆಯ ಪಾಠ ಕಡೆಯ ತೀರ್ಪಿನ ಅಧ್ಯಾಯ, ದೊಡ್ಡ ಬಿಳಿ ಸಿಂಹಾಸನ ಬರುವ ಅಧ್ಯಾಯ. ಪದ್ಧತಿಯ ಪ್ರಕಾರ ನಾವು ಏಳಲು ಹೋದೆವು. ಅಪ್ಪ ಕೈಸನ್ನೆ ಮಾಡಿ ಕೂರಿಸಿದರು. ತಾವೂ ಕೂತರು. ಅಡುಗೆಮನೆಯ ಹೊಸ್ತಿಲ ಕಡೆ ತಿರುಗಿ, ಎಷ್ಟೋ ದಿನದ ಮೇಲೆ ನೇರವಾಗಿ ಮಾತಾಡಿದರು. ಯವ್ವಾ, ಇಲ್ಲಿ ಬಾ, ನಿನಗ ತಿಳಿಯುವಂಗ ಹೇಳ್ತೀನಿ ಎಂದರು. ಆಯಿ ಬಂದು ಎದುರಿಗೆ ಕೂತಳು. ಅಪ್ಪ ಪುಸ್ತಕವನ್ನು ಓದಲಿಲ್ಲ; ತೊಡೆಯ ಮೇಲೆ ತೆರೆದಿಟ್ಟುಕೊಂಡು, ಚರ್ಚಿನ ಧ್ವನಿ ಬಿಟ್ಟು ಊರಿನ ಮಾತಲ್ಲಿ ಹೇಳತೊಡಗಿದರು. ಒಂದು ಬಿಳಿ ಸಿಂಹಾಸನ. ಅದರ ಮೇಲೆ ಕೂತವನ ಮುಖ ನೋಡಲಾರದೆ ಭೂಮಿ ಆಕಾಶ ಎರಡೂ ಓಡಿಹೋಗುತ್ತವೆ, ಅವಕ್ಕೆ ಅಡಗಲು ಜಾಗ ಸಿಗುವುದಿಲ್ಲ. ಅವನ ಮುಂದೆ ಸತ್ತವರೆಲ್ಲ, ಸಣ್ಣವರು ದೊಡ್ಡವರು ಎನ್ನದೆ, ನಿಲ್ಲುತ್ತಾರೆ. ಅಲ್ಲಿಗೆ ಆಯಿ ತಡೆದಳು.

“ಯಾರ್ಯಾರು ನಿಂದರ್ತಾರ?”

“ಎಲ್ಲಾರೂ, ಯವ್ವಾ.”

“ಪಾಟೀಲನೂ?”

“ಪಾಟೀಲರೂ ನಿಂದರ್ತಾರ.”

“ಅವನಿಗಿ ಕುರ್ಚಿ ಹಾಕಂಗಿಲ್ಲೇನು?”

“ಇಲ್ಲ. ಅಲ್ಲಿ ಕುಂದ್ರಾಕ ಇರೋದು ಒಂದೇ. ಅದು ದೇವರದು.”

ಕಾಕಾ ತಲೆ ತಗ್ಗಿಸಿದ್ದ. ಆಯಿ ಮುಂದಕ್ಕೆ ಸರಿದು ಕೂತಳು. ಅವಳ ಮುಖದಲ್ಲಿ ನಾನು ಎಂದೂ ಕಾಣದ ಒಂದು ಗಾಂಭೀರ್ಯ ಇತ್ತು; ಅಂಜಿಕೆ ಮಾತ್ರ ಇರಲಿಲ್ಲ.

“ಅಲ್ಲಿನೂ ಅವ ನನಗ ನೆನಪಿಲ್ಲ ಅಂದ್ರ?”

“ಅನ್ನಾಕ ಬರಂಗಿಲ್ಲ. ಎಲ್ಲಾ ಬರದ ಇಟ್ಟಿರತದ. ತೆಗದು ಓದ್ತಾರ.”

“ನಾ ನಿಂತಿದ್ದೂ?”

“ನೀ ನಿಂತಿದ್ದೂ.”

ಅಪ್ಪ ಅಷ್ಟು ಹೇಳಿ ಕೈಯಿಂದ ಕಣ್ಣು ಮುಚ್ಚಿಕೊಂಡರು. ಆಯಿ ಮಗನನ್ನೇ ನೋಡಿದಳು. ಆಮೇಲೆ ಒಂದು ಕೈ ಫರಸಿಗೆ, ಒಂದು ಕೈ ನನ್ನ ಭುಜಕ್ಕೆ ಊರಿ, ಮೆಲ್ಲಗೆ, ಪೂರ್ತಿ ನೆಟ್ಟಗೆ ಎದ್ದು ನಿಂತಳು.

“ಇದನ್ನ ಮೊದಲ ಯಾಕ ಹೇಳಲಿಲ್ಲೋ ಹುಚ್ಚಾ?” ಎಂದಳು. “ಏಳ್ರಿ ಎಲ್ಲಾರೂ. ಶಾಮೂ, ಓದು.”